ರಾತ್ರಿಯಿಡೀ ಹೊರಗಿದ್ದ ಫ್ರೋಜನ್ ಕೋಳಿಮಾಂಸ: ಚೆನ್ನಾಗಿ ಬೇಯಿಸಿದರೆ ಸಾಲದೇ?

ಫ್ರೀಜರ್‌ನಿಂದ ತೆಗೆದ ಎರಡು ಕಿಲೋ ಕೋಳಿಮಾಂಸ ರಾತ್ರಿಯೆಲ್ಲ ಅಡುಗೆಕಟ್ಟೆಯ ಮೇಲಿತ್ತು, ಬೆಳಿಗ್ಗೆ ನಡುಭಾಗ ಇನ್ನೂ ಗಟ್ಟಿಯಿದೆ, ವಾಸನೆ ಬಂದಿಲ್ಲ, ತೊಳೆದು ಬೇಯಿಸಲೇ ಅಥವಾ ಮತ್ತೆ ಫ್ರೀಜರ್‌ಗೆ ಹಾಕಲೇ ಅಂತ ಕೇಳಿದ್ದೀರಿ. ಎರಡೂ ಬೇಡ, ಎಸೆಯಿರಿ. ಹಿಂದೊಮ್ಮೆ ಇಂಥದ್ದೇ ಮಾಂಸದ ಮುದ್ದೆಯ ಗಟ್ಟಿ ನಡುಭಾಗವನ್ನು ನಂಬಿ ನಾನು ಅಡುಗೆ ಮಾಡಿದೆ. ಮನೆಯಲ್ಲಿ ಮೂವರು ಜ್ವರ, ಭೇದಿಯಿಂದ ಮಲಗಿದೆವು. ಮಲಪರೀಕ್ಷೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು.

ನಡುವಿನಲ್ಲಿ ಮಂಜುಗಡ್ಡೆ ಇದ್ದರೆ ಇಡೀ ಮಾಂಸ ತಣ್ಣಗಿದೆ ಎಂದುಕೊಂಡದ್ದೇ ತಪ್ಪು. ಮುದ್ದೆ ಕರಗುವುದು ಹೊರಗಿನಿಂದ ಒಳಕ್ಕೆ. ಮಂಜುಗಡ್ಡೆ ನೀರಿಗಿಂತ ಸುಮಾರು ನಾಲ್ಕು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ. ಹಾಗಾಗಿ ಹೊರಪದರ ಕರಗಿದೊಡನೆ ಅದೇ ಕಂಬಳಿಯಂತೆ ಹೊದ್ದುಕೊಂಡು ಒಳಗಿನ ಗಡ್ಡೆ ಕರಗದಂತೆ ತಡೆಯುತ್ತದೆ. ನಡುಭಾಗ ಸೊನ್ನೆ ಡಿಗ್ರಿಯಲ್ಲೇ ಇರುವಾಗ ಮೇಲ್ಮೈ ಕೋಣೆಯ ಬಿಸಿಗೆ ಬಂದು ಎಷ್ಟೋ ಗಂಟೆಯಾಗಿರುತ್ತದೆ. ಬ್ಯಾಕ್ಟೀರಿಯಾ ಹೆಚ್ಚಾಗಿ ಇರುವುದೂ ಅದೇ ಮೇಲ್ಮೈಯಲ್ಲಿ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಅವು ಬೆಳೆಯುತ್ತವೆ. ಗಂಟೆಗೊಮ್ಮೆ ದುಪ್ಪಟ್ಟಾದರೂ ಎಂಟು ಗಂಟೆಯಲ್ಲಿ ಒಂದು 256 ಆಗುತ್ತದೆ; ಕೋಣೆ ಬೆಚ್ಚಗಿದ್ದರೆ ಇನ್ನೂ ವೇಗ. ಹೊರಗೆ ಎರಡು ಗಂಟೆ, 32 ಡಿಗ್ರಿ ಮೀರಿದ ಸೆಕೆಯಲ್ಲಿ ಒಂದೇ ಗಂಟೆ. ಅದರಾಚೆ ಹಸಿಮಾಂಸವನ್ನು ಬಿಡಬಾರದು.

ನಮ್ಮ ಮನೆಯಲ್ಲಿ ಅದೇ ಗಡ್ಡೆ ಒಲೆಯ ಮೇಲೂ ಕಾಡಿತು. ಎಂದಿನಷ್ಟೇ ಹೊತ್ತು ಬೇಯಿಸಿದೆ, ಹೊರಗಿನ ತುಂಡುಗಳು ಬೆಂದು ಬಿಡಿಯಾದವು, ನಡುವಿನವು ಕೋಳಿ ಸುರಕ್ಷಿತವಾಗಿ ಬೇಯಲು ಬೇಕಾದ 74 ಡಿಗ್ರಿ ಮುಟ್ಟಿರಲಿಲ್ಲ. ಹೊರಗೆ ಬೆಳೆಯಲು ಬಿಟ್ಟದ್ದು, ಒಳಗೆ ಸಾಯಲು ಬಿಡದ್ದು, ಎರಡೂ ಆ ಒಂದು ದಪ್ಪ ಮುದ್ದೆಯಿಂದ.

ಫ್ರೀಜರ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಮೈನಸ್ 18 ಡಿಗ್ರಿಯಲ್ಲಿ ಅವುಗಳ ಬೆಳವಣಿಗೆ ನಿಲ್ಲುತ್ತದೆ, ಬಹುಪಾಲು ಬದುಕಿ ಉಳಿಯುತ್ತವೆ. ವಾಸನೆಯನ್ನೂ ನಂಬಬೇಡಿ. ಮಾಂಸ ನಾರುವುದು ಸೂಡೊಮೊನಾಸ್‌ನಂಥ ಕೊಳೆಸುವ ಬ್ಯಾಕ್ಟೀರಿಯಾದಿಂದ; ರೋಗ ತರುವ ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಮೂಗಿಗೆ ಸುಳಿವು ಕೊಡುವುದಿಲ್ಲ. ಕುದಿಸಿದರೆ ಇವು ಸಾಯುತ್ತವೆ ನಿಜ, ಆದರೆ ಸ್ಟ್ಯಾಫಿಲೊಕಾಕಸ್ ಔರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಟ್ಟಿದ್ದರೆ ಆ ವಿಷ ಕುದಿಸಿದರೂ ಹೋಗುವುದಿಲ್ಲ. ಇನ್ನು ತೊಳೆಯುವುದಂತೂ ಕೆಟ್ಟ ಉಪಾಯ, ಸಿಂಕ್, ಪಾತ್ರೆ, ಪಕ್ಕದ ತರಕಾರಿಗೆಲ್ಲ ಹನಿ ಸಿಡಿಯುತ್ತದೆ.

ನಿಮ್ಮ ಪ್ರಶ್ನೆ ಇವತ್ತಿನ ಬೆಳಗಿನದು. ನನ್ನ ಪ್ರಕಾರ ಎಡವಿದ್ದು ಮಾಂಸವನ್ನು ಫ್ರೀಜರ್‌ಗೆ ಇಟ್ಟ ದಿನವೇ. ಎರಡು ಕಿಲೋ ಒಂದೇ ಚೀಲದಲ್ಲಿ ತುರುಕಬೇಡಿ. ಅರ್ಧ ಕಿಲೋದಂತೆ ಪಾಲು ಮಾಡಿ, ಚೀಲದ ಗಾಳಿ ಒತ್ತಿ ತೆಗೆದು, ಎರಡು-ಮೂರು ಸೆಂಟಿಮೀಟರ್ ದಪ್ಪಕ್ಕೆ ಚಪ್ಪಟೆ ಮಾಡಿ ತಟ್ಟೆಯ ಮೇಲೆ ಹೆಪ್ಪುಗಟ್ಟಿಸಿ. ದಪ್ಪ ಎರಡು ಪಟ್ಟಾದರೆ ಕರಗುವ ಸಮಯ ನಾಲ್ಕು ಪಟ್ಟಿನವರೆಗೂ ಏರಬಹುದು. ಬೇಗ ಹೆಪ್ಪುಗಟ್ಟಿದರೆ ಮಂಜಿನ ಹರಳು ಸಣ್ಣದಿರುತ್ತದೆ, ಮಾಂಸದ ಕೋಶಗಳು ಕಡಿಮೆ ಒಡೆಯುತ್ತವೆ, ಕರಗಿದಾಗ ಸೋರುವ ಕೆಂಪು ನೀರೂ ಕಡಿಮೆ.

ಕರಗಿಸುವುದು ಫ್ರಿಜ್‌ನಲ್ಲೇ, ಅಂಚಿರುವ ತಟ್ಟೆಯಲ್ಲಿಟ್ಟು ಕೆಳಗಿನ ಹಲಗೆಯ ಮೇಲೆ, 4 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗೆ. ಎರಡು ಕಿಲೋ ಮುದ್ದೆಗೆ ಪೂರ್ತಿ ಒಂದು ದಿನ ಬೇಕು. ಅವಸರವಿದ್ದರೆ ನೀರು ಒಳಹೋಗದ ಚೀಲದಲ್ಲಿ ಕಟ್ಟಿ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ, ಕರಗಿದ ತಕ್ಷಣ ಬೇಯಿಸಿ. ಬಿಸಿನೀರು ಬೇಡವೇ ಬೇಡ. ಫ್ರಿಜ್‌ನಲ್ಲೇ ಕರಗಿದ ಕೋಳಿಮಾಂಸವನ್ನು ಒಂದೆರಡು ದಿನದೊಳಗೆ ಬೇಯಿಸಿ. ಮತ್ತೆ ಫ್ರೀಜರ್‌ಗೆ ಹಾಕಿದರೂ ಅಪಾಯವಿಲ್ಲ, ರುಚಿ ಕಡಿಮೆಯಾಗುತ್ತದೆ ಅಷ್ಟೇ. ಫ್ರಿಜ್‌ನಲ್ಲಿ ಒಂದೆರಡು ದಿನಕ್ಕಿಂತ ಹೆಚ್ಚು ಇಡಬೇಡಿ, ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನ ತಣ್ಣಗಿನಲ್ಲೂ ನಿಧಾನವಾಗಿ ಬೆಳೆಯುತ್ತದೆ.

ಬೇಯಿಸುವಾಗ ಬಣ್ಣ ನೋಡಿ ನಿರ್ಧರಿಸಬೇಡಿ. ಥರ್ಮಾಮೀಟರ್‌ನ ತುದಿಯನ್ನು ಅತಿ ದಪ್ಪ ತುಂಡಿನ ನಡುವೆ, ಮೂಳೆಗೆ ತಾಗದಂತೆ ಚುಚ್ಚಿ. ಕೋಳಿಗೆ 74 ಡಿಗ್ರಿ, ಕುರಿ-ಮೇಕೆಯ ಖೀಮಾಕ್ಕೆ 71.

ಈಗ ಮೊದಲು ಆ ಕಟ್ಟೆ ನೋಡಿ. ಸೋರಿದ ನೀರನ್ನು ಕಾಗದದಿಂದ ಒರೆಸಿ ಎಸೆಯಿರಿ, ಪಾತ್ರೆ ಒರೆಸುವ ಬಟ್ಟೆ ಮುಟ್ಟಿಸಬೇಡಿ. ಸೋಪು ನೀರಿನಿಂದ ತೊಳೆದು, ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಮನೆಬಳಕೆಯ ಬ್ಲೀಚ್ ಬೆರೆಸಿ ಸವರಿ, ಕೆಲವು ನಿಮಿಷ ಹಾಗೇ ಬಿಡಿ. ಸೋಪು ಹಾಕಿ ತೊಳೆಯದೆ ಬ್ಲೀಚ್ ಹಾಕಿದರೆ ಮಾಂಸದ ಜಿಡ್ಡೇ ಅದರ ಶಕ್ತಿಯನ್ನು ತಿಂದುಬಿಡುತ್ತದೆ.