ಕೋವಿ ತೀರ್ಪಿನ ಕುರಿತು ಬರೆದ ಲೇಖಕರಿಗೆ

ಮಾನ್ಯರೇ,

ಕೊಡಗಿನಲ್ಲಿ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿಯನ್ನು ಎತ್ತಿಹಿಡಿದ 2021ರ ಸೆಪ್ಟೆಂಬರ್‌ನ ಹೈಕೋರ್ಟ್ ತೀರ್ಪಿನ ಬಗ್ಗೆ ನೀವು ಕಳುಹಿಸಿದ ಲೇಖನವನ್ನು ಓದಿದೆ. ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗೆ ತೋಕ್‌ಪೂ ಎಂಬ ಹೂವನ್ನು ಸಿಕ್ಕಿಸುವ ಆರಂಭದ ಚಿತ್ರ ಚೆನ್ನಾಗಿದೆ, ಭಾಷೆಯೂ ಶುದ್ಧವಾಗಿದೆ. ಆದರೆ ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ.

ನಿಮ್ಮ ಎರಡನೆಯ ಪ್ಯಾರಾ ಹೀಗೆ ಶುರುವಾಗುತ್ತದೆ: "ಕೋವಿ ಕೊಡವರ ಮೂಲಭೂತ ಹಕ್ಕೆಂದು ಹೈಕೋರ್ಟ್ ಸಾರಿದೆ." ನ್ಯಾಯಾಲಯ ಹಾಗೆ ಹೇಳಿಲ್ಲ. ವಿಭಾಗೀಯ ಪೀಠದ ಮುಂದಿದ್ದದ್ದು ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಂದ್ರ ಸರ್ಕಾರ 2019ರಲ್ಲಿ ಹೊರಡಿಸಿದ ಅಧಿಸೂಚನೆ. ಅದು ಕೊಡುವುದು ಪರವಾನಗಿಯಿಂದ ವಿನಾಯಿತಿಯನ್ನು, ಅದೂ 2029ರವರೆಗೆ, ಷರತ್ತುಗಳೊಡನೆ. ಮೂಲಭೂತ ಹಕ್ಕುಗಳಿರುವುದು ಸಂವಿಧಾನದ ಮೂರನೆಯ ಭಾಗದಲ್ಲಿ. 1978ರ 44ನೇ ತಿದ್ದುಪಡಿಯ ನಂತರ ಆಸ್ತಿಯ ಹಕ್ಕೇ ಅಲ್ಲಿಂದ ಹೊರಬಿದ್ದು 300ಎ ವಿಧಿಗೆ ಬಂದಿರುವಾಗ, ನಮ್ಮ ತೋಟ ಗದ್ದೆಗಳಿಗೇ ಇಲ್ಲದ ಸ್ಥಾನವನ್ನು ಕೋವಿಗೆ ಯಾವ ಆಧಾರದಿಂದ ಕೊಟ್ಟಿರಿ? ಈ ಪ್ರಕರಣದಲ್ಲಿ ಮೂಲಭೂತ ಹಕ್ಕಿನ ಮಾತೆತ್ತಿದವರು ವಿನಾಯಿತಿಯನ್ನು ಪ್ರಶ್ನಿಸಿದ ಅರ್ಜಿದಾರರು. ಅವರು ಹಿಡಿದದ್ದು ಸಮಾನತೆಯ 14ನೇ ವಿಧಿಯನ್ನು. ಆ ವಿಧಿಯ ಹೆಸರು ನಿಮ್ಮ ಲೇಖನದಲ್ಲಿ ಒಮ್ಮೆಯೂ ಬಂದಿಲ್ಲ.

ಅದರ ಬೆನ್ನಿಗೇ "ಇನ್ನು ಯಾವ ಸರ್ಕಾರವೂ ನಮ್ಮ ಕೋವಿಯನ್ನು ಮುಟ್ಟಲಾರದು" ಎಂದಿದ್ದೀರಿ. ಸ್ವಾತಂತ್ರ್ಯಪೂರ್ವದಿಂದಲೂ ಈ ವಿನಾಯಿತಿ ನಡೆದುಬಂದಿದೆ ಎಂಬುದರ ಜೊತೆಗೆ, ಅದು ಅನಿರ್ದಿಷ್ಟ ಕಾಲದ್ದಲ್ಲ, ಹತ್ತು ವರ್ಷದ್ದು, ಷರತ್ತಿಗೆ ಒಳಪಟ್ಟದ್ದು ಎಂಬುದನ್ನೂ ಪೀಠ ಕಾರಣವಾಗಿ ಹೇಳಿದೆ. ಮೊದಲ ಕಾರಣವನ್ನು ಇಟ್ಟುಕೊಂಡು ಉಳಿದವನ್ನು ನೀವು ಕೈಬಿಟ್ಟಿದ್ದೀರಿ. ನಾಪೋಕ್ಲಿನಲ್ಲೋ ಪೊನ್ನಂಪೇಟೆಯಲ್ಲೋ ಇದನ್ನು ನಂಬಿದ ಓದುಗರು ಷರತ್ತುಗಳನ್ನು ಕಡೆಗಣಿಸಿ ತೊಂದರೆಗೆ ಸಿಕ್ಕಿದರೆ ಉತ್ತರ ಕೊಡಬೇಕಾದವರು ನೀವು ಮತ್ತು ನಾನು. ಇನ್ನು ಆ "ನಮ್ಮ" ಎಂಬುದರಲ್ಲಿ ಯಾರಿದ್ದಾರೆ? ಅಧಿಸೂಚನೆ ಕೊಡವರ ಜೊತೆಗೆ ಜಮ್ಮಾ ಹಿಡುವಳಿದಾರರನ್ನೂ, ಅಂದರೆ ವಂಶಪಾರಂಪರ್ಯವಾಗಿ ಜಮ್ಮಾ ಭೂಮಿ ಹೊಂದಿದವರನ್ನೂ, ಹೆಸರಿಸುತ್ತದೆ. ಜಮ್ಮಾ ಹಿಡುವಳಿಯಿರುವ ಅರೆಭಾಷೆ ಗೌಡರ ಮನೆಗಳು ನಿಮ್ಮ ಲೇಖನದಲ್ಲಿ ಕಾಣುವುದೇ ಇಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ನಾಲ್ಕನೆಯ ಪ್ಯಾರಾ. "ಜನಾಂಗದ ಆಧಾರದ ವಿನಾಯಿತಿ ತಾರತಮ್ಯವೆಂದು ನ್ಯಾಯಾಲಯ ಗಮನಿಸಿತು" ಎಂದು ಬರೆದು, ಮುಂದಿನ ಪ್ಯಾರಾದಲ್ಲೇ ಅರ್ಜಿ ವಜಾ ಆಯಿತು ಎನ್ನುತ್ತೀರಿ. ತಾರತಮ್ಯ ಎಂದದ್ದು ಅರ್ಜಿದಾರರ ವಾದ. ಪೀಠ ಆ ವಾದವನ್ನು ದಾಖಲಿಸಿ, ಬಳಿಕ ಒಪ್ಪದೆ ತಳ್ಳಿಹಾಕಿತು.

ಮಡಿಕೇರಿಯಲ್ಲಿ ನಾನು ಕೆಲಸ ಕಲಿಯುತ್ತಿದ್ದಾಗ ನಮ್ಮ ಹಿರಿಯ ಸಂಪಾದಕರು ತೀರ್ಪಿನ ಪ್ರತಿಯನ್ನು ಕೈಗಿತ್ತು, ಪ್ರತಿ ಪ್ಯಾರಾದ ಅಂಚಿನಲ್ಲಿ ಮಾತು ಯಾರದೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಸುತ್ತಿದ್ದರು: ಅರ್ಜಿದಾರರದ್ದಾದರೆ "ಅ", ಎದುರುದಾರರದ್ದಾದರೆ "ಎ", ಪೀಠದ್ದಾದರೆ "ಪೀ". ಗುರುತು ಮುಗಿಯುವವರೆಗೆ ಒಂದು ಸಾಲು ಬರೆಯಲೂ ಬಿಡುತ್ತಿರಲಿಲ್ಲ. ಅವರು ಮೊದಲು ಓದಿಸಿದ್ದು ಪಕ್ಕದ ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಹೂಡಿದ ಕೇಶವಾನಂದ ಭಾರತಿ ಪ್ರಕರಣದ 1973ರ ತೀರ್ಪನ್ನು. ಹದಿಮೂರು ನ್ಯಾಯಮೂರ್ತಿಗಳು ಏಳಕ್ಕೆ ಆರರಂತೆ ಒಡೆದುಹೋದ ಆ ತೀರ್ಪಿನಲ್ಲಿ ಯಾವ ಮಾತು ಬಹುಮತದ್ದು, ಯಾವುದು ಭಿನ್ನಮತದ್ದು ಎಂದು ಬೇರ್ಪಡಿಸುತ್ತ ಮಳೆಗಾಲದ ಸಂಜೆಗಳನ್ನು ಕಳೆದಿದ್ದೇನೆ. ಇಂದಿಗೂ ಪೆನ್ಸಿಲ್ ಇಲ್ಲದೆ ನಾನು ತೀರ್ಪು ಓದುವುದಿಲ್ಲ.

ನೀವೂ ಹಾಗೆ ಗುರುತು ಹಾಕಿ, "ಪೀ" ಎಂದಿರುವ ಪ್ಯಾರಾಗಳಿಂದ ಮಾತ್ರ ನ್ಯಾಯಾಲಯದ ಮಾತನ್ನು ಬರೆಯಿರಿ. ಒಂದು ವರ್ಗಕ್ಕೆ ಪ್ರತ್ಯೇಕ ನಿಯಮ ಮಾಡುವಾಗ 14ನೇ ವಿಧಿ ಏನನ್ನು ಕೇಳುತ್ತದೆ ಎಂಬುದು ಸುಪ್ರೀಂ ಕೋರ್ಟಿನ 1952ರ ಅನ್ವರ್ ಅಲಿ ಸರ್ಕಾರ್ ತೀರ್ಪಿನಲ್ಲಿದೆ: ವರ್ಗೀಕರಣಕ್ಕೆ ಸ್ಪಷ್ಟ ವ್ಯತ್ಯಾಸವಿರಬೇಕು, ಆ ವ್ಯತ್ಯಾಸಕ್ಕೂ ಕಾನೂನಿನ ಉದ್ದೇಶಕ್ಕೂ ಸಂಬಂಧವಿರಬೇಕು. ಈ ಅಳತೆಯನ್ನು ಕೋವಿ ತೀರ್ಪಿಗೆ ಹಿಡಿದು ನೋಡಿ, 2029ರಲ್ಲಿ ಅವಧಿ ಮುಗಿದಾಗ ಮತ್ತೆ ಏಳಬಹುದಾದ ಪ್ರಶ್ನೆಯ ಬಗ್ಗೆ ನಿಮ್ಮದೇ ಅಭಿಪ್ರಾಯವನ್ನು ಧೈರ್ಯವಾಗಿ ಬರೆಯಿರಿ. ತಿದ್ದಿದ ಪ್ರತಿಯೊಡನೆ ಗುರುತು ಹಾಕಿದ ತೀರ್ಪಿನ ಪ್ರತಿಯನ್ನೂ ಕಳುಹಿಸಿ. ಎರಡನ್ನೂ ನಾನೇ ಓದುತ್ತೇನೆ.

ಸಂಪಾದಕ