ಮರುಎಣಿಕೆಯಲ್ಲಿ ಮತಯಂತ್ರ ಅದೇ ಸಂಖ್ಯೆಯನ್ನು ತಾನೇ ತೋರಿಸುವುದು? ಹಾಗಿದ್ದರೆ ಪರಿಶೀಲನೆ ಹೇಗೆ?

ಹೌದು, ಫಲಿತಾಂಶದ ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಅದೇ ಸಂಖ್ಯೆ ಬರುತ್ತದೆ. ನಿಜವಾದ ಪರಿಶೀಲನೆ ನಡೆಯುವುದು ವಿವಿಪ್ಯಾಟ್ ಚೀಟಿಗಳಲ್ಲಿ, ಅಂದರೆ ಮತದಾರರಿಗೆ ಗಾಜಿನ ಹಿಂದೆ 7 ಸೆಕೆಂಡು ಕಾಣುವ ಕಾಗದದಲ್ಲಿ. 2019ರ ಸುಪ್ರೀಂ ಕೋರ್ಟ್ ಆದೇಶದಂತೆ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಲಾಟರಿ ಮೂಲಕ ಆರಿಸಿದ 5 ಮತಗಟ್ಟೆಗಳ ವಿವಿಪ್ಯಾಟ್ ಚೀಟಿಗಳನ್ನು ಕೈಯಿಂದ ಎಣಿಸುತ್ತಾರೆ. ತಾಳೆಯಾಗದಿದ್ದರೆ ಕಾಗದದ ಲೆಕ್ಕವೇ ಅಂತಿಮ, ಯಂತ್ರದ್ದಲ್ಲ. ಉಳಿದ ಮತಗಟ್ಟೆಗಳ ಚೀಟಿ ಎಣಿಸುವಂತೆ ಅಭ್ಯರ್ಥಿ ಲಿಖಿತವಾಗಿ ಕೋರಬಹುದು, ಒಪ್ಪುವುದು ಬಿಡುವುದು ಚುನಾವಣಾಧಿಕಾರಿಗೆ ಸೇರಿದ್ದು.

ಸುಪ್ರೀಂ ಕೋರ್ಟ್‌ನ 2024ರ ತೀರ್ಪಿನ ನಂತರ, ಎರಡನೇ ಮತ್ತು ಮೂರನೇ ಸ್ಥಾನ ಪಡೆದವರು ಫಲಿತಾಂಶದ 7 ದಿನಗಳೊಳಗೆ ಶುಲ್ಕ ಕಟ್ಟಿ ಶೇ 5ರಷ್ಟು ಯಂತ್ರಗಳ ತಾಂತ್ರಿಕ ತಪಾಸಣೆಯನ್ನೂ ಕೇಳಬಹುದು.

2023ರ ವಿಧಾನಸಭಾ ಚುನಾವಣೆಯಲ್ಲಿ ಬೆಂಗಳೂರಿನ ಜಯನಗರ ಕ್ಷೇತ್ರದ ಗೆಲುವಿನ ಅಂತರ 16 ಮತ. ಇಂಥ ಕಡೆ ಎಲ್ಲ ಚೀಟಿಗಳ ಎಣಿಕೆಯನ್ನು ಕಡ್ಡಾಯಗೊಳಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ.