ಮೈಲುತುತ್ತು ‘ಉಪ್ಪು’ ಹೇಗಾಯಿತು?

ಪ್ರಶ್ನೆ: ಮಗಳು ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ. ಆಕ್ಸೈಡ್, ಆಮ್ಲ, ಪ್ರತ್ಯಾಮ್ಲ, ಲವಣ ಅಂತ ಪಟ್ಟಿ ಬಾಯಿಪಾಠ ಮಾಡುತ್ತಾಳೆ, ಮರುದಿನ ಮರೆತುಬಿಡುತ್ತಾಳೆ. ಅಡಿಕೆಗೆ ಬಿಡುವ ಮೈಲುತುತ್ತು ಲವಣವಂತೆ. ಲವಣ ಅಂದರೆ ಉಪ್ಪು ಅಲ್ವಾ? ಮತ್ತೆ ಚಿಪ್ಪು, ಸುಟ್ಟ ಸುಣ್ಣ, ನೀರು ಹಾಕಿದ ಸುಣ್ಣ ಮೂರರಲ್ಲೂ ಕ್ಯಾಲ್ಸಿಯಂ ಇದೆ, ಆದರೂ ಮೂರು ಬೇರೆ ಬೇರೆ ಗುಂಪು ಯಾಕೆ?
– ಕೃಷಿಕರ ಮನೆಯ ಒಬ್ಬ ತಾಯಿ, ಬದಿಯಡ್ಕ

ಉತ್ತರ: ಒಳ್ಳೆಯ ಪ್ರಶ್ನೆ. ಪಟ್ಟಿಯನ್ನು ಸ್ವಲ್ಪ ಹೊತ್ತು ಬದಿಗಿಡಲು ಹೇಳಿ. ಒಂದು ವಸ್ತುವಿನಲ್ಲಿ ಏನಿದೆ ಅನ್ನುವುದರಿಂದ ಮಾತ್ರ ಗುಂಪು ಗೊತ್ತಾಗುವುದಿಲ್ಲ, ಅದು ಯಾವುದರ ಜೊತೆ ಸೇರಿಕೊಂಡಿದೆ, ಯಾರ ಜೊತೆ ಹೇಗೆ ವರ್ತಿಸುತ್ತದೆ ಅನ್ನುವುದನ್ನೂ ನೋಡಬೇಕು.

ನಿಮ್ಮ ಸುಣ್ಣವನ್ನೇ ತೆಗೆದುಕೊಳ್ಳಿ. ಮರುವಾಯಿ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಕಾರ್ಬೊನಿಕ್ ಆಮ್ಲದ ಲವಣ. ಗೂಡಿನಲ್ಲಿ ಸುಟ್ಟಾಗ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ ಕ್ಯಾಲ್ಸಿಯಂ ಆಕ್ಸೈಡ್ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಬುಸುಗುಟ್ಟುತ್ತಾ ಕುದಿದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುತ್ತದೆ, ಇದು ಪ್ರತ್ಯಾಮ್ಲ, ಅಂದರೆ ಆಮ್ಲದ ಗುಣವನ್ನು ತಗ್ಗಿಸುವಂಥದ್ದು. (ಆಗ ಮಕ್ಕಳನ್ನು ದೂರ ನಿಲ್ಲಿಸಿ, ಕಣ್ಣಿಗೆ ಸಿಡಿದರೆ ತುಂಬಾ ಅಪಾಯ.) ಅದೇ ಸುಣ್ಣವನ್ನು ಗೋಡೆಗೆ ಬಳಿದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ನಿಧಾನಕ್ಕೆ ಮತ್ತೆ ಕಾರ್ಬೊನೇಟ್ ಆಗುತ್ತದೆ. ಚಿಪ್ಪು ಮೊದಲು ಏನಾಗಿತ್ತೋ ಅದೇ. ಮೂರು ಗುಂಪನ್ನು ಸುತ್ತಿ ಬಂದಂತಾಯಿತು.

ಇಲ್ಲಿಂದ ದಾರಿ ಸುಲಭ. ಲೋಹದ ಆಕ್ಸೈಡ್‌ಗಳು ಸಾಮಾನ್ಯವಾಗಿ ಪ್ರತ್ಯಾಮ್ಲದ ಕಡೆಯವು, ಗಂಧಕದಂಥ ಅಲೋಹದ ಆಕ್ಸೈಡ್‌ಗಳು ನೀರಿಗೆ ಸೇರಿದರೆ ಹೆಚ್ಚಾಗಿ ಆಮ್ಲ ಕೊಡುತ್ತವೆ. ಅಲ್ಯೂಮಿನಿಯಂ ಮತ್ತು ಸತುವಿನ ಆಕ್ಸೈಡ್‌ಗಳು ಆಮ್ಲ, ಪ್ರತ್ಯಾಮ್ಲ ಎರಡರ ಜೊತೆಗೂ ವರ್ತಿಸುತ್ತವೆ. ಕಾರ್ಬನ್ ಮೊನಾಕ್ಸೈಡ್ ಎರಡಕ್ಕೂ ಸೇರದ್ದು.

ಆಮ್ಲದಲ್ಲಿ ಮಕ್ಕಳು ಎಡವುವ ಒಂದು ಜಾಗ ಇದೆ. ಆಮ್ಲಜನಕ ಅನ್ನುವ ಹೆಸರಿಗೆ ಆಮ್ಲವನ್ನು ಹುಟ್ಟಿಸುವುದು ಅಂತ ಅರ್ಥ, ಹಾಗಾಗಿ ಎಲ್ಲ ಆಮ್ಲದಲ್ಲೂ ಅದು ಇರಲೇಬೇಕು ಅನ್ನಿಸುವುದು ಸಹಜ. ಫ್ರಾನ್ಸಿನ ರಸಾಯನ ವಿಜ್ಞಾನಿ ಲವಾಸಿಯೇ ಕೂಡ ಹಾಗೆಯೇ ನಂಬಿ ಆ ಅರ್ಥದ ಹೆಸರಿಟ್ಟ. 1810ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ಕ್ಲೋರಿನ್ ಒಂದು ಮೂಲವಸ್ತು, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ ಅಂತ ತೋರಿಸಿದ. ಹೆಸರು ಮಾತ್ರ ಹಾಗೇ ಉಳಿಯಿತು. ಆದ್ದರಿಂದ ಆಮ್ಲಗಳಲ್ಲಿ ಎರಡು ಬಗೆ: ಸಲ್ಫ್ಯೂರಿಕ್‌ನಂತೆ ಆಮ್ಲಜನಕ ಇರುವವು, ಹೈಡ್ರೋಕ್ಲೋರಿಕ್‌ನಂತೆ ಇಲ್ಲದವು.

ಈಗ ಉಪ್ಪಿನ ವಿಷಯ. ಆಮ್ಲದ ಹೈಡ್ರೋಜನ್ ಇದ್ದ ಜಾಗಕ್ಕೆ ಲೋಹ ಬಂದು ಕೂತರೆ ಅದು ಲವಣ. ಅಡುಗೆಮನೆಯ ಉಪ್ಪು ಆ ದೊಡ್ಡ ಕುಟುಂಬದ ಒಬ್ಬ ಸದಸ್ಯ ಅಷ್ಟೇ. ಸಲ್ಫ್ಯೂರಿಕ್ ಆಮ್ಲದ ಹೈಡ್ರೋಜನ್ ಜಾಗದಲ್ಲಿ ತಾಮ್ರ ಕೂತರೆ ಕಾಪರ್ ಸಲ್ಫೇಟ್, ಅದೇ ನಿಮ್ಮ ಮೈಲುತುತ್ತು. ಅದರ ಹರಳಿನಲ್ಲಿ ಪ್ರತಿ ಕಾಪರ್ ಸಲ್ಫೇಟ್‌ಗೆ ಐದು ನೀರಿನ ಅಣು ಇರುತ್ತವೆ, ಕಾಯಿಸಿ ನೀರು ಹೋದರೆ ನೀಲಿಯೂ ಹೋಗಿ ಬೆಳ್ಳಗಾಗುತ್ತದೆ. ಹೈಡ್ರೋಜನ್ ಪೂರ್ತಿ ಹೋಗದೆ ಸ್ವಲ್ಪ ಉಳಿದ ಲವಣವೂ ಇದೆ, ಅಡುಗೆ ಸೋಡಾ ಅಂಥದ್ದು. ಯಾವುದನ್ನೂ ನಾಲಿಗೆಗೆ ಹಚ್ಚಿ ನೋಡಬಾರದು, ಮೈಲುತುತ್ತು ವಿಷ.

ಮಹಾಳಿಗೆ (ಅಡಿಕೆಯ ಕೊಳೆರೋಗಕ್ಕೆ) ಮದ್ದು ಬಿಡುವ ದಿನ ಮಗಳನ್ನು ಜೊತೆಗೆ ಕರೆದುಕೊಳ್ಳಿ, ಪಾಠದ ಅರ್ಧ ಅಲ್ಲಿಯೇ ಇದೆ. ಆ ಮದ್ದು ಮೈಲುತುತ್ತು, ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣ. ಶೇಕಡಾ ಒಂದರ ಬೋರ್ಡೋಗೆ 1 ಕೆ.ಜಿ. ಮೈಲುತುತ್ತು 50 ಲೀಟರ್ ನೀರಲ್ಲಿ, 1 ಕೆ.ಜಿ. ಸುಣ್ಣ ಇನ್ನೊಂದು 50 ಲೀಟರಲ್ಲಿ, ಆಮೇಲೆ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುವುದು ಅಲ್ವಾ? ಒಂದು ಪಾತ್ರೆಯಲ್ಲಿ ಲವಣ, ಇನ್ನೊಂದರಲ್ಲಿ ಪ್ರತ್ಯಾಮ್ಲ. ಸೇರಿದಾಗ ತಾಮ್ರ ನೀರಲ್ಲಿ ಕರಗದ ರೂಪಕ್ಕೆ ಬರುತ್ತದೆ, ಅದಕ್ಕೇ ಮಳೆಗೆ ಬೇಗ ತೊಳೆದುಹೋಗದೆ ಗೊನೆಗೆ ಅಂಟಿಕೊಳ್ಳುತ್ತದೆ. ಕೊನೆಗೆ ಉಜ್ಜಿ ಹೊಳಪು ಬರಿಸಿದ ಕತ್ತಿಯ ತುದಿಯನ್ನು ಅದರಲ್ಲಿ ಅದ್ದಿ ಹಿಡಿಯಲಿ. ಕೆಂಪು ಪೊರೆ ಕೂತರೆ ಕರಗಿದ ತಾಮ್ರ ಇನ್ನೂ ಉಳಿದಿದೆ, ಕಬ್ಬಿಣ ಅದನ್ನು ಹೊರಗೆ ಎಳೆದಿದೆ ಎಂದರ್ಥ. ಕೆಂಪು ಕಾಣದಾಗುವ ತನಕ ಸುಣ್ಣದ ನೀರು ಸೇರಿಸುತ್ತಾ ಹೋಗಿ.